ಅಪ್ಪನ ಬಲಗಡೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದಿದ್ದೇನೆ. ಕೊಯ್ಲು ಮುಗಿಯಲಿ ಎಂದುಕೊಂಡೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದುಕೊಂಡೆ. ಅಣ್ಣ ಬದುಕಿರುವಾಗ ಬೇಡ ಎಂದುಕೊಂಡೆ. ಅಣ್ಣ ಹೋದ ಮೇಲೆ, ಸತ್ತವನ ಮೇಲೆ ಮಾತು ಬರುತ್ತದೆ, ಈಗ ಬೇಡ ಎಂದುಕೊಂಡೆ. ನೆವಗಳು ಮುಗಿದಿವೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಬರವಣಿಗೆ ನನ್ನ ಕಸುಬಲ್ಲ. ನನ್ನ ಕಸುಬು ಕೊರೆಯುವುದು. ಮೊದಲು ತಗಡು ಕೊರೆದೆ, ಆಮೇಲೆ ಮರ. ಆ ಕಸುಬಿನಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಮುಚ್ಚಲು ಒಂದು ಮಾತು ಆಡಿದೆ. ಹೇಳಬೇಕಾದದ್ದು ಇಷ್ಟೇ, ಆದರೆ ಇಷ್ಟಕ್ಕೇ ಇಷ್ಟು ವರ್ಷ ಹಿಡಿಯಿತು.

ನಮ್ಮ ತೋಟ ಹಾನುಬಾಳಿನಿಂದ ಒಂದಿಷ್ಟು ಒಳಗೆ, ಜೀಪು ಏದುಸಿರು ಬಿಡುವ ಏರಿನ ಮೇಲಿದೆ. ಅಪ್ಪ ಅದನ್ನು ಕೊಂಡಾಗ ಬಂಗಲೆಯೂ ಜೊತೆಗೇ ಬಂತು. ಹಿಂದಿನವರು ಬಿಟ್ಟುಹೋದ ಸಾಮಾನಿನಲ್ಲಿ ಕಾಲು ಮುರಿದ ಕುರ್ಚಿಗಳಿದ್ದವು, ತುಕ್ಕು ಹಿಡಿದ ಸ್ನಾನದ ತೊಟ್ಟಿ ಇತ್ತು, ಗಾಜು ಹಾಕಿದ ಒಂದು ಚಿತ್ರವೂ ಇತ್ತು. ಚಿತ್ರಕ್ಕೆ ಬಣ್ಣವಿಲ್ಲ. ಹಳದಿಯಾದ ಕಾಗದ, ಅದರ ಮೇಲೆ ಬರೀ ಕಪ್ಪು ಗೆರೆ. ಗಡ್ಡದ ಮುದುಕ ರಾಜನೊಬ್ಬ ನೆಲದ ಮೇಲೆ ನಿದ್ದೆ ಹೋಗಿದ್ದಾನೆ. ಅವನ ಪಕ್ಕೆಯಿಂದ ಒಂದು ಮರ ಎದ್ದಿದೆ. ಕೊಂಬೆಗಳ ತುದಿಯಲ್ಲಿ, ಹೂವಿನೊಳಗಿಂದ ಹುಟ್ಟಿದ ಹಾಗೆ, ಕಿರೀಟ ಇಟ್ಟ ಗಂಡಸರು ಸೊಂಟದವರೆಗೆ ಕಾಣುತ್ತಾರೆ. ಒಬ್ಬನ ಕೈಯಲ್ಲಿ ಕತ್ತಿ, ಒಬ್ಬನ ಕೈಯಲ್ಲಿ ರಾಜದಂಡ, ಇನ್ನೊಬ್ಬನ ಕೈಯಲ್ಲಿ ಶಿಲುಬೆ ನೆಟ್ಟ ಗುಂಡು. ಬುಡದಲ್ಲಿ ಎರಡು ಸಿಂಹಗಳು ಒಂದು ಗುರಾಣಿಯನ್ನು ಎತ್ತಿ ಹಿಡಿದಿವೆ. ಗುರಾಣಿಯ ಮೇಲೆ ಮಾತ್ರ ಏನೂ ಇಲ್ಲ. ಅಷ್ಟೊಂದು ಗೆರೆಗಳ ನಡುವೆ ಅಂಗೈಯಷ್ಟು ಖಾಲಿ ಜಾಗ. ಹುಡುಗನಾಗಿದ್ದಾಗ ನಾನು ಅದನ್ನೇ ನೋಡುತ್ತಿದ್ದೆ. ಬರೆದವನು ಮರೆತನೋ, ಸುಸ್ತಾಗಿ ಬಿಟ್ಟನೋ ಎಂದು.

ನಾವು ಮೂವರು ಮಕ್ಕಳು. ದೊಡ್ಡವಳು ಅಕ್ಕ, ಆಮೇಲೆ ಅಣ್ಣ, ಕೊನೆಗೆ ನಾನು. ಅವ್ವ ಬೇಗ ಹೋದಳು. ಅಪ್ಪನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದಾಗ ಅಣ್ಣ ಸಕಲೇಶಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿಕೊಂಡಿದ್ದ. ನಾನು ಇದ್ದೂ ಇಲ್ಲದವನು. ಅಕ್ಕನಿಗೆ ಗಂಡು ನೋಡುತ್ತಿದ್ದರು. ನೋಡುವುದು ಅಲ್ಲಿಗೆ ನಿಂತಿತು. ಒಂದು ಬೆಳಿಗ್ಗೆ ಅತ್ತಿಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ಗಂಟೆ ಹೊಡೆದಾಗ, ಸ್ಟೋರ್ ಮುಂದೆ ಆಳುಗಳು ಬಂದು ನಿಂತಾಗ, ಅಕ್ಕ ಅಪ್ಪನ ಬೆತ್ತ ಹಿಡಿದು ಹೊರಗೆ ಬಂದಳು.

ಆ ಬೆತ್ತದ ವಿಷಯ ಹೇಳಬೇಕು. ಅದು ತಾತನದು, ಹಿಡಿಗೆ ಬೆಳ್ಳಿ ಕಟ್ಟಿಸಿದ್ದು. ಬೆತ್ತ ಯಾರ ಕೈಯಲ್ಲಿದೆಯೋ ಅವರು ಅದರ ತುದಿಯಿಂದ ತೋರಿಸಿ, ನೀವು ಕೆರೆ ಕಡೆ, ನೀವು ಗುಡ್ಡದ ಕಡೆ ಎಂದ ಮೇಲೆಯೇ ನಮ್ಮಲ್ಲಿ ಬುಟ್ಟಿ ಮೇಲೇಳುವುದು. ಇನ್ನೊಂದು ಪದ್ಧತಿಯೂ ಇತ್ತು. ಬೆತ್ತ ಅಪ್ಪನಿಂದ ಮಕ್ಕಳಿಗೆ ನೇರವಾಗಿ ಬರುವುದಿಲ್ಲ. ಸೋದರಮಾವ ಅದನ್ನು ನಾಲ್ಕು ಜನರ ಎದುರು ಎತ್ತಿ ಕೊಡಬೇಕು. ತಾಯಿಯ ಕಡೆಯವರು ಒಪ್ಪದ ಯಜಮಾನಿಕೆ ನಿಲ್ಲುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅಕ್ಕ ವರ್ಷಗಟ್ಟಲೆ ಬೆತ್ತ ಹಿಡಿದು ತೋಟ ನಡೆಸಿದಳು, ಆದರೆ ಯಾರೂ ಅದನ್ನು ಅವಳಿಗೆ ಕೊಟ್ಟಿರಲಿಲ್ಲ. ಎರವಲು ಬೆತ್ತ ಎಂದು ಹಿಂದಿನಿಂದ ಅನ್ನುತ್ತಿದ್ದರು. ಅಪ್ಪ ಸಾಯುವ ಮುಂಚೆ ಸೊಟ್ಟ ಬಾಯಲ್ಲೇ ಮಾವನಿಗೆ ಹೇಳಿದ್ದ: "ಅವಳಿಗೇ ಕೊಡು."

ಇನ್ನು ಮುಂದಿನದು ಇಪ್ಪತ್ತು ವರ್ಷದ ಹಿಂದಿನ ಮಾತು. ಸುತ್ತಮುತ್ತ ಹೋಂಸ್ಟೇಗಳು ಶುರುವಾದವು. ಅಣ್ಣ ಅಂಗಡಿ ಮುಚ್ಚಿ ತೋಟಕ್ಕೆ ಬಂದು, ಬಂಗಲೆಯನ್ನೂ ಹೋಂಸ್ಟೇ ಮಾಡುವುದೆಂದು ಅದಕ್ಕೆ ಬಣ್ಣ ಹೊಡೆಸಿದ. ಉದ್ಘಾಟನೆಯ ಊಟದ ದಿನವೇ ಅಕ್ಕನಿಗೆ ಬೆತ್ತ ಕೊಟ್ಟುಬಿಡುವುದು ಎಂದು ಮಾವ ತೀರ್ಮಾನ ಮಾಡಿದರು. ಅಣ್ಣ ಬಂಗಲೆ ನೋಡಿಕೊಳ್ಳಲಿ, ತೋಟ ಅಕ್ಕನದು. ಅಣ್ಣ ಒಪ್ಪಿದ. ಒಪ್ಪದೆ ಇರಲು ಕಾರಣ ಸಿಗಲಿಲ್ಲ, ಅದಕ್ಕೆ ಒಪ್ಪಿದ.

ಅದೇ ಸಮಯದಲ್ಲಿ ಅಣ್ಣನ ಕಣ್ಣು ಆ ಚಿತ್ರದ ಮೇಲೆ ಬಿತ್ತು. ಅಂಥದ್ದೇ ನಮ್ಮದೊಂದು ಬೇಕು ಎಂದ. ಬಂಗಲೆಯ ಹಾಲ್‌ನಲ್ಲಿ ತೂಗುಹಾಕಬೇಕು, ಬೋರ್ಡಿಗೆ, ಕಾಫಿಪುಡಿ ಪೊಟ್ಟಣಕ್ಕೆ, ಎಲ್ಲದಕ್ಕೂ ಅದೇ ಅಚ್ಚು ಬೀಳಬೇಕು. ಬಂದವರಿಗೆ ಇದು ದೊಡ್ಡ ಮನೆತನ ಅಂತ ಬಾಗಿಲಲ್ಲೇ ಗೊತ್ತಾಗಬೇಕು.

ಮೂವರೂ ಜಗಲಿಯಲ್ಲಿ ಕೂತು ಆ ಚಿತ್ರವನ್ನು ನಡುವೆ ಇಟ್ಟುಕೊಂಡ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ನಾವು ಮೂವರು ಒಟ್ಟಿಗೆ ನಕ್ಕದ್ದು ಅದೇ ಕೊನೆ.

"ಈ ಮುದುಕ ಮಲಗಿರೋದು ಬ್ಯಾಡ," ಎಂದ ಅಣ್ಣ. "ಹೆಣ ಇಟ್ಟಂಗೆ ಕಾಣ್ತದೆ. ಅಪ್ಪನ್ನ ಕುರ್ಚಿ ಮೇಲೆ ಕೂರ್ಸು. ಮರ ಹಿಂದಿಂದ ಏಳ್ಲಿ."

"ಯಾವ ಮರ ಹಾಕ್ಲಿ?" ಎಂದೆ.

"ಕಾಫಿ ಗಿಡನೇ ಹಾಕು. ಇನ್ನೇನು?"

"ಕಾಫಿ ಗಿಡದ ಚಿಗುರನ್ನ ವರ್ಷವರ್ಷ ನಾವೇ ಮುರಿದು ಬಿಸಾಕ್ತೀವಲ್ಲೋ," ಎಂದಳು ಅಕ್ಕ. "ವಂಶಕ್ಕೆ ಅದು ಆಗಲ್ಲ. ಅತ್ತಿಮರ ಹಾಕು."

"ಆಯ್ತು ಮಾರಾಯ್ತಿ. ಸಿಂಹ ಇರ್ಲಿ ಮತ್ತೆ."

"ಸಿಂಹ ಯಾವೂರಲ್ಲಿ ಐತೆ? ಆನೆ ಹಾಕು. ದಿನಾ ಬಂದು ಬಾಳೆ ತಿಂದು ಹೋಗ್ತದೆ, ಮನೆ ಮಕ್ಕಳಿಗಿಂತ ಹೆಚ್ಚು."

"ಆನೆ ಹಾಕಿದ್ರೆ ಗೆಸ್ಟು ಗೇಟಿಂದಲೇ ವಾಪಸ್ ಹೋಗ್ಬುಡ್ತಾರೆ."

ಅಣ್ಣ ಕೊಂಬೆಯ ಮೇಲಿನ ರಾಜನನ್ನು ಬೆರಳಿಟ್ಟು ತೋರಿಸಿದ. "ಇವ್ನ ಕೈಲೇನೋ ಇದು? ಚಕ್ಕೋತ ಹಿಡ್ಕಂಡವ್ನಲ್ಲ."

ನನಗೂ ಗೊತ್ತಿರಲಿಲ್ಲ. ಅದು ಭೂಮಂಡಲ, ಅದನ್ನು ಹಿಡಿದವನು ಇಡೀ ಭೂಮಿಗೆ ಒಡೆಯ ಎಂದು ತೋರಿಸುವ ಗುರುತು ಎಂದು ಬಹಳ ಕಾಲದ ಮೇಲೆ ತಿಳಿಯಿತು. ಅಂದು ನಾವು ಚಕ್ಕೋತವನ್ನು ಕೈಬಿಟ್ಟೆವು. ಕಿರೀಟದ ಬದಲು ಪೇಟ, ತಾತನಿಗೆ ಕತ್ತಿಯ ಬದಲು ಕೋವಿ, ಮುತ್ತಾತನಿಗೆ ಕತ್ತಿಯೇ. ಖಾಲಿ ಗುರಾಣಿಯೊಳಗೆ ಕಾಫಿಹಣ್ಣಿನ ಗೊಂಚಲು. ಸಿಂಹವೂ ಬೇಡ, ಆನೆಯೂ ಬೇಡ, ಎರಡು ನಾಯಿ ಎಂದು ರಾಜಿಯಾಯಿತು. ರಾಜದಂಡದ ಬದಲು ಬೆತ್ತ. ಅದು ಅಕ್ಕನ ಕೈಯಲ್ಲಿ.

ನಾನು ಕೊರೆಯುವವನಾದದ್ದು ಹೇಗೆಂದರೆ, ಕಾಫಿ ಚೀಲದ ಮೇಲೆ ತೋಟತೋಟಕ್ಕೂ ಒಂದು ಗುರುತು ಇರುತ್ತದೆ. ತಗಡಿನಲ್ಲಿ ಆ ಗುರುತನ್ನು ಕತ್ತರಿಸಿ, ಚೀಲದ ಮೇಲಿಟ್ಟು, ಮಸಿ ಬಳಿದರೆ ಗುರುತು ಮೂಡುತ್ತದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಒಂದರಲ್ಲೇ ನಾನು ಚೆನ್ನಾಗಿದ್ದವನು. ಅದನ್ನು ನಂಬಿಕೊಂಡು ಆಲೂರಿನವರೆಗಿನ ತೋಟಗಳಿಗೆ ತಗಡು ಕೊರೆದುಕೊಡುತ್ತಿದ್ದೆ. ತಗಡಿನಲ್ಲಿ ನೀವು ಕೊರೆದದ್ದು ಹೇಗಿದೆಯೋ ಚೀಲದ ಮೇಲೂ ಹಾಗೇ ಬೀಳುತ್ತದೆ. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ.

ಶಿವನಿ ಮರದ ಹಲಗೆ ತರಿಸಿ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಅಟ್ಟದಲ್ಲಿ ಕೂತು ಕೊರೆಯಲು ಶುರುಮಾಡಿದೆ. ಹಳೆಯ ಚಿತ್ರವೂ ಮರ ಕೊರೆದು ಒತ್ತಿದ್ದೇ; ಅದನ್ನು ನೋಡಿ ನೋಡಿಯೇ ಮರದಚ್ಚಿನ ಗುಟ್ಟು ತಿಳಿದುಕೊಂಡೆ. ಗೆರೆಯನ್ನು ಕೊರೆಯುವುದಲ್ಲ, ಗೆರೆಯನ್ನು ಉಳಿಸಿ ಅದರ ಅಕ್ಕಪಕ್ಕ ಕೊರೆಯುವುದು. ಬಿಟ್ಟದ್ದು ಕಪ್ಪು, ತೆಗೆದದ್ದು ಬಿಳಿ. ಹಾರ್ಡ್‌ವೇರ್ ಅಂಗಡಿಯ ಉಳಿದ ಸಾಮಾನಿನಲ್ಲಿ ಸಣ್ಣ ಉಳಿಗಳಿದ್ದವು; ಅವನ್ನು ಅಣ್ಣನೇ ಆರಿಸಿ ತಂದುಕೊಟ್ಟ. ಆ ತಿಂಗಳುಗಳಲ್ಲಿ ಮನೆಯಲ್ಲಿ ನನ್ನನ್ನು ಊಟಕ್ಕೆ ಕರೆಯುವ ದನಿಯೇ ಬದಲಾಗಿತ್ತು. ಅಲ್ಲಿಯವರೆಗೆ ನಾನು ಎಲೆ ಹಾಕಿದ ಮೇಲೆ ನೆನಪಾಗುತ್ತಿದ್ದವನು. ಈಗ ಬಂದ ನೆಂಟರನ್ನು ಅಟ್ಟ ಹತ್ತಿಸಿ ತೋರಿಸುತ್ತಿದ್ದರು. ಐವತ್ತು ವರ್ಷದವನಿಗೆ ಇದು ದೊಡ್ಡದಾಗಿ ಕಾಣಬಾರದು, ಆದರೆ ಕಂಡಿತು.

ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದಾಗ ಅಕ್ಕ ಬಂದಳು. ಕೆಸರು ಮೆತ್ತಿದ ಬೂಟು, ಸೀರೆಯ ಮೇಲೆ ಅಪ್ಪನ ಖಾಕಿ ಕೋಟು, ಕೈಯಲ್ಲಿ ಬೆತ್ತ.

"ನನ್ನ ಎಲ್ಲಿ ನಿಲ್ಲಿಸ್ತೀಯೋ?"

"ನೀನೇ ಹೇಳು."

"ಅಪ್ಪನ ಬಲಗಡೆ ನಿಲ್ಸು. ಎಡಗಡೆ ಅವ್ವಂದು. ಅದು ಖಾಲಿ ಇರ್ಲಿ."

ಮಗಳು ಬಲಕ್ಕೆ, ಹೆಂಡತಿ ಎಡಕ್ಕೆ. ಹಸೆಮಣೆಯಿಂದ ಹಿಡಿದು ಫೋಟೋ ತೆಗೆಸುವವರೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ನಾನು ಹಲಗೆಯ ಮೇಲೆ ಅಪ್ಪನ ಬಲಗಡೆ ಒಂದು ಉದ್ದ ಗೆರೆ ಎಳೆದೆ. ಅಕ್ಕ ಬಗ್ಗಿ ನೋಡಿದಳು. "ಸ್ವಲ್ಪ ಉದ್ದ ಮಾಡು, ಗಿಡ್ಡಿ ಮಾಡ್ಬ್ಯಾಡ," ಎಂದು ನಕ್ಕು ಇಳಿದುಹೋದಳು.

ಕೊರೆದು ಮುಗಿಸಿ ಮೊದಲ ಅಚ್ಚು ತೆಗೆದದ್ದು ಒಂದು ಮಧ್ಯಾಹ್ನ. ಮಸಿ ಬಳಿದು, ಕಾಗದ ಹಾಸಿ, ಸೌಟಿನ ಹಿಂಬದಿಯಿಂದ ಒತ್ತಿ ಉಜ್ಜಿದೆ. ಕಾಗದ ಎತ್ತಿ ಹಿಡಿದೆ. ಗೆರೆಗಳು ಮೂಡಿದ್ದವು. ನಾಯಿಗಳ ಮೀಸೆ ಕೂಡ ಮೂಡಿತ್ತು. ಆಮೇಲೆ ತಾತನನ್ನು ನೋಡಿದೆ. ತಾತ ಕೋವಿಯನ್ನು ಎಡಗೈಯಲ್ಲಿ ಹಿಡಿದಿದ್ದ. ಮುತ್ತಾತನ ಕತ್ತಿ ಎಡಗೈಯಲ್ಲಿ. ಕಾಗದವನ್ನು ಕೆಳಗಿಟ್ಟು ಹಲಗೆ ನೋಡಿದೆ, ಮತ್ತೆ ಕಾಗದ ನೋಡಿದೆ. ತಗಡಿನ ಕೈ ಮರದ ಮೇಲೆ ಓಡಿತ್ತು. ಇಡೀ ವಂಶ ತಿರುಗಿ ನಿಂತಿತ್ತು, ಕನ್ನಡಿಯಲ್ಲಿ ಕಂಡ ಹಾಗೆ.

ಅಕ್ಕ ಬೆತ್ತ ಹಿಡಿದು ಅಪ್ಪನ ಎಡಗಡೆ ನಿಂತಿದ್ದಳು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನನಗೆ ಆ ಮಧ್ಯಾಹ್ನವೇ ಗೊತ್ತಾಯಿತು. ಎಡಗಡೆ ಎಂದರೆ ಏನರ್ಥ ಎಂಬುದೂ ತಕ್ಷಣ ಹೊಳೆಯಿತು. ಊಟಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಮತ್ತೆ ಕೊರೆಯಲು ತಿಂಗಳುಗಳು ಬೇಕು. ಅಕ್ಕನಿಗೆ ಹೇಳಿ ಚಿತ್ರವನ್ನು ಆ ದಿನ ತೂಗುಹಾಕದೆ ಇರಬಹುದಿತ್ತು. ಹಾಗೆ ಮಾಡಿದರೆ ಅಟ್ಟ ಹತ್ತಿ ಬಂದು ನೋಡಿ ಹೋದವರ ಎದುರು ನಾನು ಮತ್ತೆ ಎಲೆ ಹಾಕಿದ ಮೇಲೆ ನೆನಪಾಗುವವನಾಗುತ್ತಿದ್ದೆ. ಯಾರು ಅಷ್ಟು ಗಮನಿಸುತ್ತಾರೆ ಎಂದುಕೊಂಡೆ. ಇನ್ನೊಂದು ಯೋಚನೆಯೂ ಬಂತು: ಯಾರಾದರೂ ಗಮನಿಸಿದರೆ ಅಣ್ಣನಿಗೆ ಬೇಜಾರಾಗುವುದಿಲ್ಲ. ಬಂದಿತ್ತು, ಬಂದಿರಲಿಲ್ಲ ಎಂದು ಹೇಳುವುದಿಲ್ಲ.

ಊಟದ ದಿನ ಚಿತ್ರಕ್ಕೆ ಹೂವಿನ ಹಾರ ಹಾಕಿದ್ದರು. ಹಾಲ್ ಜನರಿಂದ ತುಂಬಿತ್ತು. ಮಾವ ಹೊಂಗಡಹಳ್ಳದಿಂದ ಬಂದು, ಪೇಟ ಸುತ್ತಿಕೊಂಡು, ಮೊದಲ ಸಾಲಿನಲ್ಲಿ ಕೂತಿದ್ದರು. ಮೇಜಿನ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಬೆತ್ತ. ಅಕ್ಕ ಅಂದು ಬೂಟು ಹಾಕಿರಲಿಲ್ಲ. ಅವ್ವನ ಹಸಿರು ಸೀರೆ ಉಟ್ಟಿದ್ದಳು.

ಮಾವ ತಮಾಷೆಯ ಮನುಷ್ಯ. ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಹೋದರು. "ಏನ್ರಯ್ಯ, ನಿಮ್ಮ ವಂಶದೋರೆಲ್ಲ ಎಡಚ್ರಾ? ನಿಮ್ತಾತ ಎಡಗೈಲಿ ಕೋವಿ ಹೊಡೆದಿದ್ರೆ ಹಂದಿ ಅಲ್ಲ, ಹಂದಿ ಓಡಿಸೋಕೆ ಹೋದೋನೇ ಬೀಳ್ತಿದ್ದ."

ಇಡೀ ಹಾಲ್ ನಕ್ಕಿತು. ಹಿಂದಿನಿಂದ ಯಾರೋ, "ಎಡಗೈಲಿ ಉಂಡು ಎದ್ದೋರು ಕಣ್ರೀ ಇವ್ರು," ಎಂದರು. ನಗು ಇನ್ನೂ ಜೋರಾಯಿತು. ಅಣ್ಣ ನನ್ನತ್ತ ನೋಡಿದ. ಅಕ್ಕ ಕೂಡ ನಗುತ್ತಿದ್ದಳು, ಸೆರಗು ಬಾಯಿಗಿಟ್ಟುಕೊಂಡು.

ಮಾವನ ನಗು ಮಾತ್ರ ನಿಂತಿತು. ಅವರ ಮುಖ ಚಿತ್ರದ ಬುಡಕ್ಕೆ ಬಗ್ಗಿತ್ತು.

"ಇವಳ್ಯಾರು ಇಲ್ಲಿ? ನನ್ನ ತಂಗೀನಾ?"

"ಅದು ಅಕ್ಕ," ಎಂದ ಅಣ್ಣ.

"ಭಾವನ ಎಡಗಡೆ ನನ್ನ ತಂಗಿ ಜಾಗ. ಅಲ್ಲಿ ಇವಳ್ಯಾಕೆ ನಿಂತವ್ಳೆ?"

ಹೆಂಗಸರ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಯಿ ಇಟ್ಟದ್ದು ನನಗೆ ಕಂಡಿತು. ಮದುವೆಯಾಗದೆ ಅಪ್ಪನ ಮನೆಯಲ್ಲೇ ಉಳಿದ ಹೆಂಗಸು, ಅಪ್ಪನ ಕೋಟು ಹಾಕಿದವಳು, ಅಪ್ಪನ ಬೆತ್ತ ಹಿಡಿದವಳು. ಊರಿನ ಬಾಯಿಗೆ ಅಷ್ಟು ಮೊದಲೇ ಸಿಕ್ಕಿತ್ತು, ಚಿತ್ರ ಒಂದು ಬೇಕಿತ್ತು.

ಅಕ್ಕ ಎದ್ದು ಬಂದು ಚಿತ್ರ ನೋಡಿದಳು. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ಗಂಟು ಬಿಡಿಸುವವನು ಇಲ್ಲೇ ಇದ್ದಾನಲ್ಲ ಎಂಬ ಧೈರ್ಯ ಅವಳ ಮುಖದಲ್ಲಿತ್ತು.

"ನಾನು ನಿನಗೆ ಎಲ್ಲಿ ನಿಲ್ಸು ಅಂದಿದ್ದೆ? ಮಾವಂಗೆ ಹೇಳು."

ಎಲ್ಲರೂ ನನ್ನನ್ನು ನೋಡುತ್ತಿದ್ದರು. ತಪ್ಪು ನನ್ನದು, ಮರದಲ್ಲಿ ತಿರುಗಿಸಿ ಕೊರೆಯಬೇಕಿತ್ತು, ಗೊತ್ತಿಲ್ಲದೆ ಕೊರೆದೆ ಎಂದರೆ ಮುಗಿಯುತ್ತಿತ್ತು. ಮತ್ತೊಮ್ಮೆ ನಗುತ್ತಿದ್ದರು. ನನ್ನನ್ನು ನೋಡಿ ನಗುತ್ತಿದ್ದರು, ಅಷ್ಟೇ. ಊಟ ಆಗುತ್ತಿತ್ತು.

ನಾನು ಹೇಳಿದೆ: "ನೀನು ಹೇಳಿದ ಕಡೆಗೇ ನಿಲ್ಸಿದೀನಿ."

ಹಲಗೆಯ ಮೇಲೆ ಅದು ನಿಜ. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂತು. ಸುಳ್ಳಾಗಿದ್ದರೆ ತೊದಲುತ್ತಿದ್ದೆನೇನೋ.

ಅಕ್ಕ ನನ್ನನ್ನೇ ನೋಡುತ್ತ ನಿಂತಳು. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ತಾಯಿ ಜಾಗಕ್ಕೆ ಕೈ ಹಾಕಿದೋಳಿಗೆ ನಾನು ಹೆಂಗಮ್ಮ ಕೊಡ್ಲಿ? ನನ್ನ ತಂಗಿ ಮೇಲಿಂದ ನೋಡ್ತಿರ್ತಾಳೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಇವತ್ತಿಗೆ ದೊಡ್ಡೋನು ಇಟ್ಕಳ್ಲಿ. ಮುಂದೆ ನೋಡಾನ." ಬೆತ್ತ ಎತ್ತಿ ಅಣ್ಣನ ಕೈಗೆ ಕೊಟ್ಟರು. ಮುಂದೆ ಯಾರೂ ನೋಡಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾವ ತೀರಿಕೊಂಡರು.

ಅಕ್ಕ ಜಗಳವಾಡಲಿಲ್ಲ. ಅಂದು ಬಡಿಸುವುದಕ್ಕೂ ನಿಂತಳು. ನನ್ನ ಎಲೆಗೆ ಪಾಯಸ ಹಾಕಿ ಮುಂದೆ ಹೋದಳು.

ಮರುದಿನ ಗಂಟೆ ಹೊಡೆದಾಗ ಅಣ್ಣ ಬೆತ್ತ ಹಿಡಿದು ಸ್ಟೋರ್ ಮುಂದೆ ನಿಂತ. ಅಕ್ಕ ಹಿಂದಿನ ಕೋಣೆಗೆ ಹೋದಳು. ಮೊದಲು ಗೊಬ್ಬರದ ಚೀಲ ಇಡುತ್ತಿದ್ದ ಕೋಣೆ ಅದು, ನನ್ನ ಕೋಣೆಗೆ ಅಂಟಿಕೊಂಡಿದೆ. ತೋಟಕ್ಕೆ ಇಳಿಯುವುದನ್ನು ಬಿಟ್ಟಳು. ಖಾಕಿ ಕೋಟು ಮೊಳೆಗೆ ತೂಗಿಕೊಂಡೇ ಇತ್ತು. ಮಗಳ ಮನೆ ಎಂದು ಹೋಗಲು ಅವಳಿಗೆ ಮಗಳಿಲ್ಲ, ತವರು ಎಂದು ಹೋಗಲು ಇದೇ ತವರು. ಬೆಳಿಗ್ಗೆ ರೈಲುಕಂಬಿಯ ಸದ್ದು ಕೇಳಿದ ಕೂಡಲೇ ಗೋಡೆಯ ಆಚೆ ಮಂಚ ಕಿರುಗುಟ್ಟುತ್ತದೆ. ಅವಳು ಏಳುತ್ತಾಳೆ. ಕಿಟಕಿಯವರೆಗೆ ನಾಲ್ಕು ಹೆಜ್ಜೆ ಕೇಳಿಸುತ್ತದೆ. ಸ್ಟೋರ್ ಮುಂದಿನ ಗಲಾಟೆ ಕರಗಿ ಆಳುಗಳು ತೋಟಕ್ಕೆ ಇಳಿದ ಮೇಲೆ ಹೆಜ್ಜೆ ವಾಪಸ್ ಬರುತ್ತದೆ, ಮಂಚ ಮತ್ತೆ ಕಿರುಗುಟ್ಟುತ್ತದೆ. ಇಪ್ಪತ್ತು ವರ್ಷ ನಾನು ಈ ಸದ್ದಿಗೇ ಎದ್ದಿದ್ದೇನೆ.

ನಾನೂ ಎಲ್ಲಿಗೂ ಹೋಗಲಿಲ್ಲ. ಹೋಗುವಂತಿರಲಿಲ್ಲ. ಆ ಚಿತ್ರ ನನ್ನನ್ನು ಕಟ್ಟಿಹಾಕಿತ್ತು.

ಊಟವಾದ ವಾರದೊಳಗೆ ಅಣ್ಣ ಅಟ್ಟಕ್ಕೆ ಬಂದ. "ಅಕ್ಕನ್ನ ತೆಗ್ದುಬುಡು," ಎಂದ. "ಜನ ಆಡ್ಕಂತಾರೆ. ಅವಳಿಗೂ ಒಳ್ಳೇದಲ್ಲ."

"ಬೇರೆ ಹಲಗೇಲಿ ಸರಿಯಾಗಿ ಕೊರೀತೀನಿ. ಎಲ್ಲಾ ತಿರುಗ್ಸಿ."

"ಪೊಟ್ಟಣಕ್ಕೆ ಆರ್ಡರ್ ಕೊಟ್ಟಾಯ್ತು ಕಣೋ. ಎಡಗೈ ಬಲಗೈ ಪೇಟೆಯೋರು ಯಾರು ನೋಡ್ತಾರೆ? ಅವಳೊಬ್ಳನ್ನ ತೆಗಿ ಸಾಕು. ಬೆತ್ತ ಇರ್ಲಿ."

ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಡಗೈ ಬಲಗೈ ಎಂದಾಗ ಅವನು ನನ್ನ ಮುಖ ನೋಡಲಿಲ್ಲ.

ಮರದಚ್ಚಿನಲ್ಲಿ ಒಬ್ಬರನ್ನು ತೆಗೆಯುವುದು ಸುಲಭ. ಉಳಿಸಿದ ಗೆರೆಯನ್ನು ಕೊರೆದುಬಿಟ್ಟರೆ ಆ ಜಾಗ ಬಿಳಿಯಾಗುತ್ತದೆ. ಮೊದಲು ಸೀರೆಯ ನೆರಿಗೆ ತೆಗೆದೆ, ಆಮೇಲೆ ತೋಳು, ಕೊನೆಗೆ ಮುಖ. ಬೆತ್ತ ಹಿಡಿದಿದ್ದ ಬೆರಳುಗಳನ್ನು ಬೆತ್ತಕ್ಕೆ ಏಟಾಗದ ಹಾಗೆ ಒಂದೊಂದಾಗಿ ಕೆರೆದೆ. ಅಪ್ಪನ ಪಕ್ಕದಲ್ಲಿ ಯಾರೂ ಹಿಡಿಯದೆ ಬೆತ್ತ ತಾನೇ ನೆಟ್ಟಗೆ ನಿಂತಿತು.

ಆ ಚಿತ್ರವೇ ಬೋರ್ಡಿನ ಮೇಲೆ ಬಂತು, ಪೊಟ್ಟಣದ ಮೇಲೆ ಬಂತು, ಕಾಫಿ ಲೋಟದ ಮೇಲೂ ಬಂತು. ನಾನು ಬೆಳಿಗ್ಗೆ ಕಾಫಿ ಕುಡಿಯುವುದು ಅದೇ ಲೋಟದಲ್ಲಿ. ಅಕ್ಕ ಕುಡಿಯುವುದೂ ಅದರಲ್ಲೇ. ಬಂದ ಗೆಸ್ಟುಗಳಿಗೆ ಬಂಗಲೆ ತೋರಿಸುವ ಕೆಲಸ ನನಗೆ ಬಿತ್ತು. "ಈ ಕೋಲು ಯಾಕೆ ಒಂದೇ ನಿಂತಿದೆ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದು ನಮ್ಮ ವಂಶದ ಯಜಮಾನಿಕೆಯ ಗುರುತು, ಮುಂದಿನವರಿಗಾಗಿ ಕಾಯುತ್ತಾ ನಿಂತಿದೆ ಎಂದು ನಾನೇ ಒಂದು ಕಥೆ ಕಟ್ಟಿದೆ. ಜನ ತಲೆದೂಗಿ ಫೋಟೋ ತೆಗೆದುಕೊಳ್ಳುತ್ತಾರೆ. ಆನೆ ಕಾಟಕ್ಕೆ ಬಂಗಲೆಯ ಸುತ್ತ ಕಂದಕ ತೆಗೆಸಿ ಬೇಲಿಗೆ ಕರೆಂಟು ಕೊಟ್ಟಿದ್ದಾರೆ. ಕತ್ತಲಾದ ಮೇಲೆ ಗೇಟು ಹಾಕುತ್ತಾರೆ. ಒಳಗೆ ಅಕ್ಕ, ನಾನು, ನಡುವೆ ಒಂದು ಗೋಡೆ.

ಅಣ್ಣ ಹೋಗಿ ಮೂರು ವರ್ಷವಾಯಿತು. ಈಗ ಅವನ ಮಗ ತೋಟ ನೋಡಿಕೊಳ್ಳುತ್ತಾನೆ, ಒಳ್ಳೆಯ ಹುಡುಗ. ಗಂಟೆ ಈಗಲೂ ಹೊಡೆಯುತ್ತದೆ, ಆಳುಗಳು ಬಂದು ಸೇರುತ್ತಾರೆ, ಕೆಲಸ ಹೇಳುವುದು ಮಾತ್ರ ಫೋನಿನಲ್ಲಿ. ಬೆತ್ತವನ್ನು ಹಾಲ್‌ನಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿಸಿದ್ದಾನೆ. ಈಗ ಅದು ಯಾರಿಗೂ ಬೇಡ. ಬೇಕಿದ್ದವಳಿಗೆ ಕೈ ನಡುಗುತ್ತದೆ.

ಹೋದ ಬೇಸಿಗೆಯಲ್ಲಿ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಒಬ್ಬಾಕೆ ಬಂದು ತಂಗಿದ್ದರು. ನನ್ನ ಕಥೆಯನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಹಳೆಯ ಚಿತ್ರದ ಮುಂದೆ ನಿಂತುಬಿಟ್ಟಿದ್ದರು. ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ರಾಜರು ಇಂಥ ಮರಗಳನ್ನು ಕೊರೆಸುತ್ತಿದ್ದರು ಎಂದರು. ತಮ್ಮ ಬೇರು ದೊಡ್ಡದು ಎಂದು ಊರಿಗೆ ತೋರಿಸಲು ಇಲ್ಲದ ಅಜ್ಜಂದಿರನ್ನೂ ಕೊಂಬೆಗೆ ಹತ್ತಿಸುತ್ತಿದ್ದರಂತೆ. ಇದು ಅಂಥದ್ದರ ನಕಲು ಇರಬಹುದು, ಆದರೂ ಚೆನ್ನಾಗಿದೆ ಎಂದರು. ಗುರಾಣಿ ಯಾಕೆ ಖಾಲಿ ಎಂದು ಕೇಳಿದೆ.

"ಕೊಂಡುಕೊಂಡವರು ತಮ್ಮ ಮನೆತನದ ಗುರುತನ್ನು ಅಲ್ಲಿ ಬರೆದುಕೊಳ್ಳಲಿ ಅಂತ ಬಿಡ್ತಾ ಇದ್ರು," ಎಂದರು.

ಆಮೇಲೆ ನಮ್ಮ ಚಿತ್ರ ನೋಡಿ ನಕ್ಕರು. "ಇದು ತಿರುಗಿಬಿಟ್ಟಿದೆ. ಅಲ್ಲೂ ನಕಲು ಮಾಡುವವರು ಹೀಗೇ ಮಾಡ್ತಿದ್ರು. ಎಡಗೈಯಲ್ಲಿ ಕತ್ತಿ ಹಿಡಿದ ರಾಜ ಕಂಡರೆ ಇದು ನಕಲು ಅಂತ ಹಿಡೀತಾರೆ."

ಮನಸ್ಸಿನಲ್ಲಿ ಇಪ್ಪತ್ತು ವರ್ಷ ಕೊಳೆತದ್ದನ್ನು ಆಕೆ ಚಹಾ ಕುಡಿಯುತ್ತಾ ಹೇಳಿದರು. ಮರದಲ್ಲಿ ಒಂದು ಸಲ ಕೊರೆದು ತೆಗೆದದ್ದನ್ನು ಮತ್ತೆ ತರಬಹುದೇ ಎಂದು ಕೇಳಿದೆ. ಬರುತ್ತದೆ ಎಂದರು. ಆ ಜಾಗವನ್ನು ಆಳವಾಗಿ ತೋಡಿ, ಬೇರೆ ಗಟ್ಟಿ ಮರದ ತುಂಡನ್ನು ಬಿಗಿಯಾಗಿ ಕೂರಿಸಿ, ಅದರ ಮೇಲೆ ಹೊಸದಾಗಿ ಕೊರೆಯಬೇಕು. ಕೂಡಿಸಿದ ಕಡೆ ಸಣ್ಣ ಬಿಳಿ ಗೆರೆ ಉಳಿಯುತ್ತದೆ, ಅದನ್ನು ಮುಚ್ಚಲು ಆಗುವುದಿಲ್ಲ.

ಹಲಗೆಯನ್ನು ಅಟ್ಟದಿಂದ ಇಳಿಸಿದೆ. ಸತ್ತುಹೋದ ಹಳೆಯ ಕಾಫಿ ಗಿಡದ ಬೊಡ್ಡೆ ತಂದೆ. ಅದು ಕಲ್ಲಿನ ಹಾಗೆ ಗಟ್ಟಿ, ಉಳಿಗೆ ಸಣ್ಣ ಗೆರೆಯನ್ನೂ ಕೊಡುತ್ತದೆ. ಈ ಸಲ ಕನ್ನಡಿ ಇಟ್ಟುಕೊಂಡು ಬರೆದೆ. ಅಚ್ಚಿನಲ್ಲಿ ಅಪ್ಪನ ಬಲಕ್ಕೆ ಬೀಳುವ ಕಡೆ ತೋಡಿ ಅಕ್ಕನನ್ನು ಕೂರಿಸಿದೆ. ಒಂಟಿ ಬೆತ್ತವನ್ನು ಕೆರೆದುಹಾಕಿ ಹೊಸ ಬೆತ್ತವನ್ನು ಅವಳ ಕೈಗೆ ಕೊಟ್ಟೆ. ಎಡಗಡೆ ಖಾಲಿ ಉಳಿಯಿತು, ಅವ್ವನಿಗೆ. ಕೈ ನಡುಕಕ್ಕೆ ಇಡೀ ಮಳೆಗಾಲ ಹಿಡಿಯಿತು. ಒಂದೇ ಒಂದು ಅಚ್ಚು ತೆಗೆದು, ಅದರಿಂದಲಾದರೂ ಮಾತು ಶುರುವಾಗಲಿ ಎಂದುಕೊಂಡು ಅವಳ ಕೋಣೆಗೆ ಹೋದೆ.

ಅಕ್ಕ ಕಿಟಕಿಯ ಬಳಿ ಭೂತಕನ್ನಡಿ ಹಿಡಿದು ಪೇಪರ್ ಓದುತ್ತಿದ್ದಳು. ಕಾಗದವನ್ನು ಅವಳ ಮಡಿಲಲ್ಲಿಟ್ಟೆ. ಭೂತಕನ್ನಡಿಯನ್ನು ಮೆಲ್ಲಗೆ ಅದರ ಮೇಲೆ ಸರಿಸಿದಳು. ನಾಯಿಗಳನ್ನು ದಾಟಿ, ಅಪ್ಪನ ಕುರ್ಚಿಯನ್ನು ದಾಟಿ, ತನ್ನ ಮೇಲೆ ನಿಲ್ಲಿಸಿದಳು.

"ಉದ್ದ ಮಾಡಿದೀಯ," ಎಂದಳು.

"ಹೂಂ."

"ಬಲಗಡೆ."

"ಹೂಂ. ಮರದಲ್ಲಿ ತಿರುಗ್ಸಿ ಕೊರೀಬೇಕು ಅಕ್ಕ. ತಗಡಿನಂಗಲ್ಲ. ಆವಾಗ ನಾನು ನೆಟ್ಟಗೆ ಕೊರೆದಿದ್ದೆ. ಅದಕ್ಕೇ ನೀನು ಎಡಕ್ಕೆ ಹೋದೆ."

ಅವಳು ತಲೆ ಎತ್ತಿದಳು. ನಾನು ಹೇಳಿದ್ದು ಅವಳೊಳಗೆ ಇಳಿಯುವುದನ್ನು ನೋಡಿದೆ. ಅವಳ ಕಣ್ಣು ನನ್ನ ಮುಖದ ಮೇಲಿತ್ತು, ಆ ದಿನ ಹಾಲ್‌ನಲ್ಲಿದ್ದ ಹಾಗೆಯೇ.

"ಊಟದ ದಿನಕ್ಕೆ ಮೊದ್ಲೇ ಅದು ನಿಂಗೆ ಗೊತ್ತಿತ್ತೇನೋ?"

ಇದಕ್ಕಿಂತ ಸುಲಭವಾಗಿ ಯಾರೂ ಕೇಳಲಾರರು. ಬಾಗಿಲು ತೆರೆದಿತ್ತು. ಹೊರಗೆ ಹೋಗುವುದಷ್ಟೇ ಉಳಿದಿತ್ತು.

"ಗೊತ್ತಿರ್ಲಿಲ್ಲ ಅಕ್ಕ," ಎಂದೆ.

ಅವಳು ಉಸಿರು ಬಿಟ್ಟಳು. ಬಹಳ ದಿನದಿಂದ ಹಿಡಿದಿಟ್ಟದ್ದನ್ನು ಕೆಳಗಿಟ್ಟ ಹಾಗಿತ್ತು. "ಹಂಗಾದ್ರೆ ಬುಡು. ಗೊತ್ತಿಲ್ದೆ ಆಗಿದ್ದಕ್ಕೆ ಯಾರೇನು ಮಾಡಕಾಗ್ತದೆ. ನಾನು ಇಷ್ಟು ವರ್ಷ ನೀನು ಬೇಕಂತ ಮಾಡ್ದೆ ಅನ್ಕಂಡಿದ್ದೆ ಕಣೋ. ಒಂದೇ ಮನೇಲಿದ್ದು ನಿನ್ನ ಜೊತೆ ನೆಟ್ಟಗೆ ಎರಡು ಮಾತಾಡ್ಲಿಲ್ಲ. ನಂದೇ ತಪ್ಪಾಯ್ತು. ಮನಸ್ಸಲ್ಲಿ ಇಟ್ಕಬ್ಯಾಡ."

ಹೀಗೆ ನನ್ನ ಅಕ್ಕ ನನ್ನ ಕ್ಷಮೆ ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಕೊಟ್ಟೆ ಎನ್ನುವ ಹಾಗೆ.

ಅಂದಿನಿಂದ ಅವಳು ಬದಲಾಗಿದ್ದಾಳೆ. ಸಂಜೆ ಗೋಡೆಗೆ ತಟ್ಟಿ ಕರೆಯುತ್ತಾಳೆ. ಅಕ್ಕಿರೊಟ್ಟಿ ಬಿಸಿಯಾಗಿದ್ದಾಗ ನನಗೆ ಮೊದಲು ಕಳಿಸುತ್ತಾಳೆ. ಆ ಅಚ್ಚನ್ನು ಮಂಚದ ತಲೆದಿಂಬಿನ ಕಡೆ ಅಂಟಿಸಿಕೊಂಡಿದ್ದಾಳೆ, ಕಾಫಿ ಮರ ಕೂಡಿಸಿದ ಬಿಳಿ ಗೆರೆ ಅವಳ ಸುತ್ತ ಕಾಣುತ್ತದೆ. ಬಂದವರಿಗೆಲ್ಲ, ನನ್ನ ತಮ್ಮ ಮಾಡಿದ್ದು ಎಂದು ತೋರಿಸುತ್ತಾಳೆ. ಇಪ್ಪತ್ತು ವರ್ಷದ ಮೌನದಲ್ಲಿ ನನಗೆ ಉಸಿರಾಡಲು ಜಾಗವಿತ್ತು. ಈ ಪ್ರೀತಿಯಲ್ಲಿ ಇಲ್ಲ.

ನನಗೆ ಗೊತ್ತಿತ್ತು. ಮೊದಲ ಅಚ್ಚು ಎತ್ತಿ ಹಿಡಿದ ಮಧ್ಯಾಹ್ನವೇ ಗೊತ್ತಿತ್ತು. ಬಾಯಲ್ಲಿ ಹೇಳಲು ಎರಡು ಸಲ ಆಗಲಿಲ್ಲ, ಅದಕ್ಕೆ ಬರೆದಿದ್ದೇನೆ. ಇದು ಅಚ್ಚಾದರೆ ಅವಳು ಓದುತ್ತಾಳೆ, ಅವಳು ಪೇಪರಿನ ಒಂದು ಸಾಲನ್ನೂ ಬಿಡುವವಳಲ್ಲ. ಈಗ ಗಂಟೆ ಹೊಡೆಯಿತು. ಗೋಡೆಯ ಆಚೆ ಮಂಚ ಕಿರುಗುಟ್ಟಿತು. ಹೆಜ್ಜೆ ಕಿಟಕಿಯವರೆಗೆ ಹೋಯಿತು. ನಾನು ಇನ್ನೂ ಯಾರ ಕ್ಷಮೆ ಕೇಳಿಲ್ಲವೋ ಅವಳು ಅಲ್ಲಿ ನಿಂತಿದ್ದಾಳೆ, ನನ್ನ ಅಕ್ಕ.